24 ಪಟ್ಟು ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಯುದ್ಧವಿಮಾನದ ಮಾದರಿಯೊಂದಿಗೆ ಒಂಬತ್ತನೇ ತರಗತಿಯ ಗಣಿತ ಪಾಠ

ಬೋಧನಾಭ್ಯಾಸಕ್ಕೆ ಹೋದ ಕಡೆಯಲ್ಲೆಲ್ಲ ಮಾದರಿಗಳಿಗೆ ಒಂದೇ ಗತಿ. ಥರ್ಮೋಕೋಲಿನ ಜ್ವಾಲಾಮುಖಿಯೋ ರಟ್ಟಿನ ಶಂಕುವೋ ಮೇಜಿನ ಮೇಲೆ ಬರುತ್ತದೆ, ಮಕ್ಕಳು ಒಮ್ಮೆ ‘ಓ’ ಎನ್ನುತ್ತಾರೆ, ವೀಕ್ಷಕರು ತಮ್ಮ ಪುಸ್ತಕದಲ್ಲಿ ‘ಕಲಿಕೋಪಕರಣ ಬಳಸಲಾಗಿದೆ’ ಎಂದು ಗುರುತು ಹಾಕುತ್ತಾರೆ. ಆಮೇಲೆ ಪಾಠ ಕಪ್ಪುಹಲಗೆಗೆ ಹೋಗುತ್ತದೆ, ಮಾದರಿ ಚೀಲಕ್ಕೆ. ಮಾದರಿಯನ್ನು ತೋರಿಸುವುದು ಬೇರೆ, ಅಳೆಯುವುದು ಬೇರೆ. ಎರಡನೆಯದನ್ನು ಮಾಡಿದರೆ ಏನು ಸಿಗುತ್ತದೆ ಎಂಬುದನ್ನು ಒಂದು ಪಾಠದ ಮೂಲಕ ಇಲ್ಲಿ ಬರೆಯುತ್ತಿದ್ದೇನೆ.

ತರಗತಿ ಒಂಬತ್ತು, ಕನ್ನಡ ಮಾಧ್ಯಮ, ಮಕ್ಕಳು 38. ಶಾಲೆ ಇರುವುದು ನಗರದ ಪೂರ್ವಕ್ಕೆ, ಎಚ್‌ಎಎಲ್ ಕಡೆಗೆ. ಮನೆಯಲ್ಲಿ ಕನ್ನಡ ಮಾತಾಡುವವರು ಅರ್ಧದಷ್ಟೂ ಇಲ್ಲ. ತಮಿಳು, ತೆಲುಗು, ಉರ್ದು ಎಲ್ಲವೂ ಇವೆ. ಆದರೆ ವಿಮಾನ ಎಲ್ಲರಿಗೂ ಗೊತ್ತು. ಪಾಠದ ನಡುವೆ ತೇಜಸ್ ಹಾರಿದರೆ ಸದ್ದು ಅಡಗುವ ತನಕ ಶಿಕ್ಷಕರು ಸುಮ್ಮನೆ ನಿಲ್ಲುತ್ತಾರೆ. ಅದು ಅಲ್ಲಿನ ವಾಡಿಕೆ. ನಾನು ತೆಗೆದುಕೊಂಡ ಘಟಕ ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ. ಅದರಲ್ಲಿ ಮಕ್ಕಳು ಸೂತ್ರಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದರು. ಆದರೆ ‘ಒಂದು ಗೋಳದ ತ್ರಿಜ್ಯ ಎರಡು ಪಟ್ಟಾದರೆ ಘನಫಲ ಎಷ್ಟು ಪಟ್ಟಾಗುತ್ತದೆ?’ ಎಂದರೆ ಉತ್ತರ ‘ಎರಡು ಪಟ್ಟು’. ಸೂತ್ರದಲ್ಲಿ ಅಂಕಿ ಹಾಕಿ ಎಂಟು ಎಂದು ಕಂಡ ಮೇಲೂ ಮುಂದಿನ ಪ್ರಶ್ನೆಗೆ ಮತ್ತೆ ‘ಎರಡು’. ಸೂತ್ರ ಒಂದು ಹೇಳುತ್ತದೆ, ಮನಸ್ಸು ಇನ್ನೊಂದು ಹೇಳುತ್ತದೆ. ಪರೀಕ್ಷೆಯ ಹೊರಗೆ ಗೆಲ್ಲುವುದು ಮನಸ್ಸೇ.

ಸಾಮಾನ್ಯವಾಗಿ ಇದನ್ನು ಸಣ್ಣ ಘನಗಳನ್ನು ಜೋಡಿಸಿ ಕಲಿಸುತ್ತಾರೆ. ಎಂಟು ಘನ ಸೇರಿಸಿದರೆ ಬಾಹು ಎರಡಾಗುತ್ತದೆ, 27 ಸೇರಿಸಿದರೆ ಮೂರಾಗುತ್ತದೆ. ಅದು ಒಳ್ಳೆಯ ವಿಧಾನ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಮಾಡಿದ ಮಕ್ಕಳು ಇದು ಘನದ ಗುಣ ಎಂದುಕೊಳ್ಳುತ್ತಾರೆ. ವಕ್ರವಾದ, ಸೂತ್ರವೇ ಇಲ್ಲದ ಆಕಾರಕ್ಕೂ ಇದೇ ನಿಯಮ ಎಂಬುದು ಅಲ್ಲಿ ಕಾಣುವುದಿಲ್ಲ. ಅದಕ್ಕೆ ಯಾವ ಸೂತ್ರಕ್ಕೂ ಸಿಗದ ಆಕಾರವೇ ಬೇಕಿತ್ತು.

ಮಾದರಿ ಮತ್ತು ಅದರ ಹಿನ್ನೆಲೆ

ನಮ್ಮ ಬೀದಿಯಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಒಬ್ಬರಿದ್ದಾರೆ. ಅವರ ಮನೆಯ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ವಿಮಾನಗಳ ಸಾಲಿದೆ. ಅವುಗಳಲ್ಲಿ ದೊಡ್ಡದು ಏರ್‌ಫಿಕ್ಸ್ ಕಂಪನಿಯ 1:24 ಪ್ರಮಾಣದ ಸ್ಪಿಟ್‌ಫೈರ್. ಎರಡನೇ ಮಹಾಯುದ್ಧದ ಈ ಬ್ರಿಟಿಷ್ ಫೈಟರ್‌ನ ಇಷ್ಟು ದೊಡ್ಡ ಕಿಟ್ಟನ್ನು ಆ ಕಂಪನಿ ಮೊದಲು ಹೊರತಂದದ್ದು 1970ರಲ್ಲಿ. ಎಂಜಿನ್ ಸಮೇತ ಬರುತ್ತದೆ, ಮೂತಿಯ ಮೇಲಿನ ಮುಚ್ಚಳಗಳನ್ನು ತೆಗೆದು ಒಳಗೆ ನೋಡಬಹುದು. ಅವರನ್ನು ಕೇಳಿದಾಗ ‘ತಗೊಂಡ್ಹೋಗಮ್ಮ, ಮಕ್ಳು ಮುಟ್ಲಿ ಬಿಡು, ಚಕ್ರ ಹಿಡಿದು ಮಾತ್ರ ಎತ್ತಬಾರದು’ ಎಂದರು. ಅಂಟಿಸದೆ ಡಬ್ಬಿಯಲ್ಲೇ ಉಳಿದಿದ್ದ ಪೈಲಟ್ ಗೊಂಬೆಯನ್ನೂ ಕೊಟ್ಟರು. ಪಾಠದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಗೊಂಬೆಯೇ.

ಬ್ರಿಟಿಷ್ ವಿಮಾನವನ್ನು ನಮ್ಮ ಮಕ್ಕಳ ಮುಂದೆ ಇಡಬೇಕೇ ಎಂಬ ಪ್ರಶ್ನೆ ಪಾಠಯೋಜನೆಯ ಚರ್ಚೆಯಲ್ಲಿ ಬಂತು. ಇದಕ್ಕೂ ಮೈಸೂರಿಗೂ ನಂಟಿದೆ. ಯುದ್ಧಕಾಲದಲ್ಲಿ ವಿಮಾನಗಳಿಗಾಗಿ ಹಣ ಕೊಟ್ಟ ಪ್ರಾಂತ್ಯಗಳ ಹೆಸರನ್ನು ಬ್ರಿಟಿಷ್ ವಾಯುಪಡೆಯ ತುಕಡಿಗಳಿಗೆ ಇಡುವ ಪದ್ಧತಿ ಇತ್ತು. ಹಾಗೆ 1941ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ಕಟ್ಟಿದ 129ನೇ ಸ್ಕ್ವಾಡ್ರನ್‌ಗೆ ‘ಮೈಸೂರು’ ಎಂಬ ಹೆಸರು ಬಂತು. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇತ್ತು. ಕೆಎಸ್ಆರ್‌ಟಿಸಿ ಬಸ್ಸಿನ ಮೇಲೆ ನೋಡುವ ಅದೇ ಎರಡು ತಲೆಯ ಹಕ್ಕಿ ಎಂದಾಗ ಮಕ್ಕಳು ನಂಬಲಿಲ್ಲ.

ಬೆಂಗಳೂರಿನ ಕತೆ ಇನ್ನೂ ಹತ್ತಿರದ್ದು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1940ರ ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಇಲ್ಲಿ ಶುರು ಮಾಡಿದರು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಎಂಬ ಅಮೆರಿಕನ್ ಫೈಟರ್ ಇಲ್ಲಿ ಜೋಡಣೆಯಾಗಿ ಹಾರಿದವು. ಮುಂದೆ ಅಮೆರಿಕದ ಸೇನೆ ಈ ಕಾರ್ಖಾನೆಯನ್ನು ವಿಮಾನ ದುರಸ್ತಿಗೆ ಬಳಸಿಕೊಂಡಿತು. ಹಾಕ್ ವಿಮಾನದ ಮಾದರಿಯೇ ಸಿಕ್ಕಿದ್ದರೆ ಅದನ್ನೇ ಒಯ್ಯುತ್ತಿದ್ದೆ. ಸಿಗಲಿಲ್ಲ, ಅದರ ಅಳತೆಗಳನ್ನು ಮನೆಗೆಲಸದ ಲೆಕ್ಕಕ್ಕೆ ಇಟ್ಟುಕೊಂಡೆ.

‘ಸ್ಕೇಲ್’ ಎಂಬ ಪದದ ತೊಡಕು

ಮೊದಲ ಅವಧಿಯ ಹತ್ತು ನಿಮಿಷ ಒಂದು ಪದಕ್ಕೇ ಹೋಯಿತು, ಅದು ಹೋಗಲೇಬೇಕಿತ್ತು. ‘ಇದರ ಸ್ಕೇಲ್ ಎಷ್ಟು?’ ಎಂದರೆ ಮಕ್ಕಳು ಅಡಿಪಟ್ಟಿ ತೆಗೆದರು. ಅವರಿಗೆ ಸ್ಕೇಲ್ ಎಂದರೆ ಗೆರೆ ಎಳೆಯುವ, ಹಿಂದಿನ ಬೆಂಚಿನಲ್ಲಿ ಹೊಡೆದಾಡುವ ವಸ್ತು. ‘ಪ್ರಮಾಣ’ ಎಂದರೆ ಆಣೆ ಮಾಡುವುದು ಎಂದ ಒಬ್ಬ. ನಕ್ಷೆಯ ಮೂಲೆಯಲ್ಲಿ 1 ಸೆಂ.ಮೀ.ಗೆ ಇಷ್ಟು ಕಿ.ಮೀ. ಎಂದು ಇರುತ್ತದಲ್ಲ ಎಂದು ಸಮಾಜ ವಿಜ್ಞಾನ ಪುಸ್ತಕ ತೆರೆಸಿದ ಮೇಲೆ ದಾರಿಗೆ ಬಂತು.

ಆದರೂ 1:24 ಎಂಬುದು ಗಾಳಿಯಲ್ಲೇ ತೇಲುತ್ತಿತ್ತು. ಅದನ್ನು ನೆಲಕ್ಕಿಳಿಸಿದ್ದು ಅಡಿ–ಇಂಚು. 24ರ ಮೂಲ ಅಲ್ಲೇ ಇದೆ: ಒಂದು ಅಡಿಗೆ ಅರ್ಧ ಇಂಚು. ಅಡಿಗೆ 12 ಇಂಚು, ಅರ್ಧ ಇಂಚುಗಳು 24. ಹಾಗೆಯೇ 1:48 ಎಂದರೆ ಅಡಿಗೆ ಕಾಲು ಇಂಚು. 1:72 ಎಂದರೆ ಆರು ಅಡಿಗೆ ಒಂದು ಇಂಚು, ಅಂದರೆ ಎತ್ತರದ ಒಬ್ಬ ಮನುಷ್ಯ ಒಂದು ಇಂಚು. ತಂದೆ ಮರಗೆಲಸ ಮಾಡುವ ಹುಡುಗನೊಬ್ಬ ಇದನ್ನು ನನಗಿಂತ ಚೆನ್ನಾಗಿ ವಿವರಿಸಿದ. ‘ಅಡಿಗೆ ಅರ್ಧ ಇಂಚು ಹಾಕಿ ಡ್ರಾಯಿಂಗ್ ಕೊಡ್ತಾರೆ ಮಿಸ್, ಅಪ್ಪ ಅದ್ನೋಡಿ ಕಪಾಟು ಮಾಡೋದು.’ ಪಠ್ಯಪುಸ್ತಕ ಮೆಟ್ರಿಕ್‌ನಲ್ಲಿದೆ ನಿಜ. ಆದರೆ ಗಾರೆ, ಮರಗೆಲಸ, ಸೈಟು ಎಲ್ಲವೂ ನಮ್ಮ ಊರಿನಲ್ಲಿ ಇಂದಿಗೂ ಅಡಿ–ಇಂಚಿನಲ್ಲೇ ನಡೆಯುತ್ತವೆ. ಅನುಪಾತ ಕಲಿಸುವಾಗ ಅದನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಬರಬೇಕಾಗಿಲ್ಲ.

ನಂತರ ಉದ್ದದ ಅಳತೆ. ರೆಕ್ಕೆಯ ತುದಿಯಿಂದ ತುದಿಗೆ 46.8 ಸೆಂ.ಮೀ., ಮೂತಿಯಿಂದ ಬಾಲಕ್ಕೆ 38 ಸೆಂ.ಮೀ. 24ರಿಂದ ಗುಣಿಸಿದರೆ 11.23 ಮೀಟರ್ ಮತ್ತು 9.12 ಮೀಟರ್. ಮೊದಲ ಮಾದರಿಯ ನಿಜವಾದ ಸ್ಪಿಟ್‌ಫೈರ್‌ನ ಅಳತೆಯೂ ಅದೇ. ಇಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ಉದ್ದಕ್ಕೆ ಮನಸ್ಸು ಮತ್ತು ಸೂತ್ರ ಒಂದೇ ಮಾತು ಹೇಳುತ್ತವೆ.

ಎಂಟು ಸೆಂಟಿಮೀಟರ್ ಅಗಲದ ರೆಕ್ಕೆ

ಸ್ಪಿಟ್‌ಫೈರ್‌ನ ರೆಕ್ಕೆ ದೀರ್ಘವೃತ್ತದ ಆಕಾರದ್ದು. ಅದರ ವಿಸ್ತೀರ್ಣಕ್ಕೆ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಸೂತ್ರವಿಲ್ಲ. ಆದ್ದರಿಂದ ಗ್ರಾಫ್ ಹಾಳೆ. ಅರ್ಧ ರೆಕ್ಕೆ, ಮಧ್ಯರೇಖೆಯಿಂದ ತುದಿಯವರೆಗೆ, ಒಂದು ಎ4 ಹಾಳೆಯಲ್ಲಿ ಹಿಡಿಸುತ್ತದೆ. ಆರು ಗುಂಪುಗಳು ಸರದಿಯಂತೆ ಮಾದರಿಯನ್ನು ಇಟ್ಟು ಹೊರರೇಖೆ ತೆಗೆದವು. ಉಳಿದ ಗುಂಪುಗಳಿಗೆ ಅಷ್ಟರಲ್ಲಿ ಉದ್ದದ ಲೆಕ್ಕಗಳು. ಮಾದರಿ ಒಂದೇ ಇರುವಾಗ ಸರದಿಯ ಯೋಜನೆ ಪಾಠಯೋಜನೆಯಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಐದು ಗುಂಪು ಸುಮ್ಮನೆ ಕೂರುತ್ತವೆ. ಚೌಕಗಳನ್ನು ಎಣಿಸಿ, ಅರ್ಧಕ್ಕಿಂತ ಹೆಚ್ಚಿರುವುದನ್ನು ಒಂದು ಎಂದು, ಕಡಿಮೆ ಇರುವುದನ್ನು ಬಿಟ್ಟು, ಕೊನೆಗೆ ಎರಡರಿಂದ ಗುಣಿಸಿದರು. ಚದರ ಸೆಂಟಿಮೀಟರುಗಳಲ್ಲಿ ಬಂದ ಅಂಕಿಗಳು: 372, 384, 388, 396, 402, 408. ‘ಯಾರದ್ದು ಸರಿ ಮಿಸ್?’ ಎಂಬ ಕೂಗು ಎದ್ದಿತು. ಆರನ್ನೂ ಕೂಡಿ ಸರಾಸರಿ ತೆಗೆದೆವು, ಸುಮಾರು 392.

ಈಗ ಪ್ರಶ್ನೆ: ನಿಜವಾದ ರೆಕ್ಕೆಯ ವಿಸ್ತೀರ್ಣ ಎಷ್ಟು? ನಿರೀಕ್ಷಿಸಿದಂತೆ ಬಹುತೇಕ ಎಲ್ಲ ಗುಂಪುಗಳೂ 24ರಿಂದ ಗುಣಿಸಿದವು. 384 ಬಂದಿದ್ದ ಗುಂಪು 9,216 ಚದರ ಸೆಂ.ಮೀ. ಎಂದು ಬರೆಯಿತು. ನಾನು ‘ತಪ್ಪು’ ಎನ್ನಲಿಲ್ಲ. ‘ಅದು ಚದರ ಮೀಟರಿನಲ್ಲಿ ಎಷ್ಟು?’ ಎಂದು ಕೇಳಿದೆ. 0.92. ಒಂದು ಚದರ ಮೀಟರ್ ಕೂಡ ಇಲ್ಲ. ‘ರೆಕ್ಕೆಯ ಉದ್ದ 11.23 ಮೀಟರ್ ಅಂತ ಈಗತಾನೆ ಬರೆದಿದ್ದೀರಿ. ವಿಸ್ತೀರ್ಣ 0.92 ಆದರೆ ಸರಾಸರಿ ಅಗಲ ಎಷ್ಟು?’

ಭಾಗಿಸಿದರು. 0.082 ಮೀಟರ್. ಎಂಟು ಸೆಂಟಿಮೀಟರ್ ಚಿಲ್ಲರೆ.

ಹನ್ನೊಂದು ಮೀಟರ್ ಉದ್ದ, ಎಂಟು ಸೆಂಟಿಮೀಟರ್ ಅಗಲದ ರೆಕ್ಕೆ. ತರಗತಿ ನಕ್ಕಿತು. ಒಬ್ಬಳು ಹಾಳೆಯ ಮೇಲೆ ಅದನ್ನು ಬರೆದೇ ತೋರಿಸಿದಳು: ವಿಮಾನದ ಎರಡೂ ಪಕ್ಕ ಬಾವುಟದ ಕೋಲು ಚುಚ್ಚಿದ ಹಾಗಿತ್ತು. ಆಗ ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಇಡೀ ಪಾಠದ ತಿರುಳು ಇದೇ ಎಂದು ನನ್ನ ಅಭಿಪ್ರಾಯ. ‘ಮಾದರಿಯ ರೆಕ್ಕೆಯ ಸರಾಸರಿ ಅಗಲ ಎಷ್ಟು?’ 384ನ್ನು 46.8ರಿಂದ ಭಾಗಿಸಿದರೆ 8.2 ಸೆಂ.ಮೀ. ಅದೇ ಅಂಕಿ! ಒಂದು ಸಲ 24ರಿಂದ ಗುಣಿಸಿದಾಗ ಉದ್ದ ಮಾತ್ರ ಬೆಳೆದಿದೆ, ಅಗಲ ಮಾದರಿಯಲ್ಲಿ ಇದ್ದಷ್ಟೇ ಇದೆ. ಅಗಲವನ್ನೂ ಬೆಳೆಸಬೇಕಾದರೆ? ‘ಇನ್ನೊಂದ್ಸಲ ಗುಣಿಸ್ಬೇಕು.’ ಈ ಮಾತನ್ನು ಹೇಳಿದ್ದು ನಾನಲ್ಲ, ಮೂರು ಗುಂಪುಗಳು ಒಟ್ಟಿಗೆ ಹೇಳಿದವು. 24 ಗುಣಿಸು 24, 576. ಸರಾಸರಿ 392ನ್ನು 576ರಿಂದ ಗುಣಿಸಿದರೆ ಸುಮಾರು 22.6 ಚದರ ಮೀಟರ್. ಪುಸ್ತಕಗಳು ಕೊಡುವ ಅಂಕಿ 242 ಚದರ ಅಡಿ, ಅಂದರೆ 22.5 ಚದರ ಮೀಟರ್. ಕೈಯಲ್ಲಿ ಚೌಕ ಎಣಿಸಿ ಇಷ್ಟು ಹತ್ತಿರ ಬರುತ್ತದೆಂದು ನಾನೂ ಎಣಿಸಿರಲಿಲ್ಲ.

ವರ್ಗ ಎಂದರೆ ‘ಅದನ್ನೇ ಅದರಿಂದ ಗುಣಿಸುವುದು’ ಎಂದು ಮಕ್ಕಳಿಗೆ ಗೊತ್ತಿರುತ್ತದೆ. ಏಕೆ ಎರಡು ಸಲ ಎಂಬುದು ಗೊತ್ತಿರುವುದಿಲ್ಲ. ಪ್ರತಿಯೊಂದು ಗುಣಾಕಾರವೂ ಒಂದೊಂದು ದಿಕ್ಕಿಗೆ ಸೇರಿದ್ದು ಎಂದು ಈ ಕೋಲಿನಂಥ ರೆಕ್ಕೆ ತೋರಿಸಿಕೊಟ್ಟಿತು. ಮೊದಲೇ 576 ಎಂದು ಹೇಳಿಬಿಟ್ಟಿದ್ದರೆ ಆ ರೆಕ್ಕೆ ಹುಟ್ಟುತ್ತಲೇ ಇರಲಿಲ್ಲ. ಮಕ್ಕಳ ತಪ್ಪು ಉತ್ತರವನ್ನು ಕೊನೆಯವರೆಗೆ ನಡೆಸಿಕೊಂಡು ಹೋಗಿ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡುವುದಕ್ಕೆ ಐದು ನಿಮಿಷ ಹೆಚ್ಚು ಬೇಕು. ಆ ಐದು ನಿಮಿಷವನ್ನು ಪಾಠಯೋಜನೆಯಲ್ಲಿ ಕಾಯ್ದಿಡುವುದು ಪ್ರಶಿಕ್ಷಣಾರ್ಥಿಯ ಕೈಯಲ್ಲಿದೆ.

ಮರುದಿನ ಪ್ರಾರ್ಥನೆಗೆ ಮುಂಚೆ ಮೈದಾನದಲ್ಲಿ ಹಗ್ಗ ಮತ್ತು ರಂಗೋಲಿ ಪುಡಿಯಿಂದ ವಿಮಾನವನ್ನು ಪೂರ್ಣ ಗಾತ್ರದಲ್ಲಿ ಬರೆದೆವು. ಮಾದರಿಯ ರೆಕ್ಕೆಯ ಮೇಲೆ ಎರಡೆರಡು ಸೆಂಟಿಮೀಟರಿಗೆ ಒಂದು ಗುರುತು, ಪ್ರತಿ ಗುರುತಿನಲ್ಲಿ ಅಗಲದ ಅಳತೆ. ನೆಲದ ಮೇಲೆ 48 ಸೆಂಟಿಮೀಟರಿಗೆ ಒಂದು ಗುರುತು, ಅಗಲ 24 ಪಟ್ಟು. ಬಿಂದುಗಳನ್ನು ಸೇರಿಸಿದರೆ ರೆಕ್ಕೆ ತಾನಾಗಿ ಬಾಗಿ ಬಂತು. 38 ಮಕ್ಕಳೂ ರೆಕ್ಕೆಯೊಳಗೆ ನಿಂತರು, ಇನ್ನೂ ಜಾಗ ಉಳಿಯಿತು. ಒಂದು ಚದರ ಮೀಟರಿನಲ್ಲಿ ಇದು ಆಗುವ ಮಾತೇ? ಮೈದಾನವಿಲ್ಲದ ಶಾಲೆಗಳಲ್ಲಿ ಅರ್ಧ ರೆಕ್ಕೆಯನ್ನು ವರಾಂಡದಲ್ಲಿ ಬರೆಯಬಹುದು, ಐದೂವರೆ ಮೀಟರಿಗೆ ತುಸು ಹೆಚ್ಚು ಜಾಗ ಸಾಕು.

ತೂಕ: ಮಾದರಿ ಸುಳ್ಳು ಹೇಳುವ ಜಾಗ

ಎರಡನೆಯ ಅವಧಿ ಘನಫಲಕ್ಕೆ. ವಿಮಾನದ ಘನಫಲವನ್ನು ಅಳೆಯುವುದು ಕಷ್ಟ. ನೀರಿನಲ್ಲಿ ಮುಳುಗಿಸಲು ಅದರ ಒಡೆಯರು ಒಪ್ಪುವುದಿಲ್ಲ. ಆದ್ದರಿಂದ ತೂಕದ ದಾರಿ ಹಿಡಿದೆ. ಒಂದೇ ವಸ್ತುವಿನಿಂದ ಮಾಡಿದ್ದರೆ ತೂಕ ಘನಫಲದ ಜೊತೆಗೇ ಬೆಳೆಯುತ್ತದೆ.

ನಿಜವಾದ ಸ್ಪಿಟ್‌ಫೈರ್ ಖಾಲಿ ಇದ್ದಾಗ ಸುಮಾರು 2,200 ಕೆ.ಜಿ. ಮಾದರಿಯನ್ನು ಮುಟ್ಟದೆ ಅದರ ತೂಕ ಊಹಿಸಿ ಎಂದೆ. ಹಲಗೆಯ ಮೇಲೆ ಮೂರು ಉತ್ತರಗಳು ನಿಂತವು. 24ರಿಂದ ಭಾಗಿಸಿದರೆ ಸುಮಾರು 92 ಕೆ.ಜಿ. ಹಿಂದಿನ ದಿನದ ಪಾಠ ಹಿಡಿದುಕೊಂಡವರು 576ರಿಂದ ಭಾಗಿಸಿದರು: 3.8 ಕೆ.ಜಿ. ಎತ್ತರವೂ ಕುಗ್ಗುತ್ತದಲ್ಲವೇ ಎಂದು ಮೂರನೆಯ ಸಲವೂ ಭಾಗಿಸಿದವರದ್ದು 13,824ರಿಂದ: 159 ಗ್ರಾಂ. 92 ಕೆ.ಜಿ. ಇದ್ದರೆ ಮಿಸ್ ಬಸ್ಸಿನಲ್ಲಿ ಹೇಗೆ ತಂದರು ಎಂದು ಒಬ್ಬ ಕೇಳಿದ ಕೂಡಲೇ ಮೊದಲ ಉತ್ತರ ಬಿದ್ದುಹೋಯಿತು. (ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿರಲಿಲ್ಲ ಎಂಬುದೂ ಸಾಕ್ಷ್ಯವೇ.)

ಒಬ್ಬ ವಿದ್ಯಾರ್ಥಿಯ ಅಪ್ಪನ ದಿನಸಿ ಅಂಗಡಿಯಿಂದ ತಂದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟೆವು. 410 ಗ್ರಾಂ.

ತರಗತಿ ಗೊಂದಲಕ್ಕೆ ಬಿತ್ತು. 3.8 ಕೆ.ಜಿ. ಅಲ್ಲ, 159 ಗ್ರಾಂ ಕೂಡ ಅಲ್ಲ. 159ಕ್ಕೆ ಹತ್ತಿರ, ಆದರೆ ಎರಡೂವರೆ ಪಟ್ಟು ಹೆಚ್ಚು. ಹಾಗಾದರೆ ಘನದ ನಿಯಮ ಸುಳ್ಳೇ? ಇಲ್ಲಿಗೆ ಬಂದು ನಿಲ್ಲಬೇಕೆಂದೇ ನಾನು ಪಾಠವನ್ನು ಕಟ್ಟಿದ್ದೆ. ‘ಪ್ರಾಯೋಗಿಕ ದೋಷ’ ಎಂದು ಹೇಳಿ ಮುಗಿಸಿದ್ದರೆ ಮಕ್ಕಳು ಒಪ್ಪುತ್ತಿದ್ದರು. ಆದರೆ ಆ ಮಾತು ಬಹಳ ಸಲ ವಿವರಣೆಯಲ್ಲ, ಕೈ ತೊಳೆದುಕೊಳ್ಳುವ ಉಪಾಯ.

ಆಗ ಪೈಲಟ್ ಗೊಂಬೆಯನ್ನು ತೆಗೆದೆ. ಕೂತಿರುವ ಗೊಂಬೆ, ಒಳಗೆ ಟೊಳ್ಳಿಲ್ಲ. 70 ಕೆ.ಜಿ. ತೂಕದ ಮನುಷ್ಯನನ್ನು 13,824ರಿಂದ ಭಾಗಿಸಿದರೆ ಎಷ್ಟು? ಐದು ಗ್ರಾಂಗೆ ತುಸು ಹೆಚ್ಚು. ಪ್ರಯೋಗಾಲಯದ ಭೌತ ತಕ್ಕಡಿಯಲ್ಲಿ 5 ಗ್ರಾಂ ಬಟ್ಟು ಒಂದು ಕಡೆ, ಗೊಂಬೆ ಇನ್ನೊಂದು ಕಡೆ. ಗೊಂಬೆಯ ತಟ್ಟೆ ಸ್ವಲ್ಪ ಇಳಿಯಿತು. 6 ಗ್ರಾಂ ಇಟ್ಟಾಗ ಬಟ್ಟಿನ ತಟ್ಟೆ ಇಳಿಯಿತು. ಐದು ಮತ್ತು ಆರರ ನಡುವೆ. ದಪ್ಪ ಕೋಟು, ಬೂಟು ಸೇರಿಸಿ ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ. ಪೈಲಟ್ ನಿಜ ಹೇಳುತ್ತಿದ್ದಾನೆ, ವಿಮಾನ ಹೇಳುತ್ತಿಲ್ಲ. ಯಾಕೆ?

ಎರಡು ಕಾರಣಗಳು ಚರ್ಚೆಯಲ್ಲಿ ಬಂದವು. ಒಂದು, ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ಮನುಷ್ಯನ ಮೈಯದ್ದೂ ಹೆಚ್ಚುಕಡಿಮೆ ನೀರಿನಷ್ಟೇ. ಆದ್ದರಿಂದ ಗೊಂಬೆಗೆ ಘನದ ನಿಯಮ ನೇರವಾಗಿ ಕೂತಿತು. ವಿಮಾನದ ಮೈ ಅಲ್ಯೂಮಿನಿಯಂ, ಅದರ ಸಾಂದ್ರತೆ 2.7. ಹಾಗಿದ್ದರೆ ಪ್ಲಾಸ್ಟಿಕ್ ವಿಮಾನ ಇನ್ನೂ ಹಗುರ ಇರಬೇಕಿತ್ತಲ್ಲ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ಉತ್ತರ ಎರಡನೆಯ ಕಾರಣದಲ್ಲಿದೆ: ದಪ್ಪ.

ಮೂತಿಯ ಮುಚ್ಚಳವನ್ನು ತೆಗೆದು ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದರೆ ದಪ್ಪ 1.5 ಮಿ.ಮೀ. ಇದನ್ನು 24ರಿಂದ ಗುಣಿಸಿ. 36 ಮಿ.ಮೀ. ಅಂದರೆ ಈ ಮಾದರಿ ಪ್ರಾಮಾಣಿಕವಾಗಿದ್ದರೆ ನಿಜವಾದ ವಿಮಾನದ ತಗಡು ಒಂದೂವರೆ ಇಂಚು ದಪ್ಪ ಇರಬೇಕು, ಬಾಗಿಲ ಪಲ್ಲಕ್ಕಿಂತ ಹೆಚ್ಚು. ನಿಜದಲ್ಲಿ ಅದು ಒಂದು ಮಿಲಿಮೀಟರಿನ ಆಸುಪಾಸು. ತಿರುಗಿಸಿ ನೋಡಿದರೆ, 1 ಮಿ.ಮೀ. ತಗಡನ್ನು ಸರಿಯಾದ ಪ್ರಮಾಣದಲ್ಲಿ ತೋರಿಸಲು 0.04 ಮಿ.ಮೀ. ಪ್ಲಾಸ್ಟಿಕ್ ಬೇಕು. ನಮ್ಮ ತಲೆಗೂದಲಿಗಿಂತ ತೆಳು. ಅಚ್ಚಿನಲ್ಲಿ ಅಷ್ಟು ತೆಳುವಾಗಿ ಎರೆಯಲು ಬರುವುದಿಲ್ಲ, ಬಂದರೂ ಮುಟ್ಟಿದರೆ ಮುರಿಯುತ್ತದೆ. ಹೊರಗಿನ ಆಕಾರದಲ್ಲಿ ಕೂದಲೆಳೆಯಷ್ಟೂ ತಪ್ಪದ ಕಿಟ್ಟು ಗೋಡೆಯ ದಪ್ಪದಲ್ಲಿ 36 ಪಟ್ಟು ತಪ್ಪುತ್ತದೆ, ತಪ್ಪಲೇಬೇಕು.

ಮೈ 36 ಪಟ್ಟು ದಪ್ಪ, ವಸ್ತು ಹಗುರ. ಹಾಗಾದರೆ ಒಟ್ಟು ತೂಕ ಎರಡೂವರೆ ಪಟ್ಟು ಮಾತ್ರ ಹೆಚ್ಚಾದದ್ದು ಹೇಗೆ? ನಿಜವಾದ ವಿಮಾನದ ತೂಕದಲ್ಲಿ ತಗಡಿನ ಪಾಲು ಚಿಕ್ಕದು. ಮೆರ್ಲಿನ್ ಎಂಜಿನ್ ಒಂದೇ 600 ಕೆ.ಜಿ.ಗೂ ಹೆಚ್ಚು; ಬಂದೂಕು, ಟ್ಯಾಂಕು, ಚಕ್ರಗಳು ಬೇರೆ. ಮಾದರಿಯಲ್ಲಿ ಅವೆಲ್ಲ ಟೊಳ್ಳು ಪ್ಲಾಸ್ಟಿಕ್. ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆಯಾಗಿದೆ. ಇಷ್ಟನ್ನು ಎಲ್ಲ ಮಕ್ಕಳೂ ಹಿಡಿದರೆಂದು ಹೇಳಲಾರೆ. ಆದರೆ ‘ಮಾದರಿ’ ಎಂದರೆ ಎಲ್ಲದರಲ್ಲೂ ನಿಜದಂತೆ ಇರುವುದು ಎಂಬ ನಂಬಿಕೆ ಆ ತರಗತಿಯಲ್ಲಿ ಉಳಿಯಲಿಲ್ಲ. ಯಾವ ಅಳತೆಯಲ್ಲಿ ನಂಬಬೇಕು, ಯಾವುದರಲ್ಲಿ ನಂಬಬಾರದು ಎಂದು ಕೇಳುವುದಕ್ಕೆ ಶುರು ಮಾಡಿದರು. ಮಾರನೆಯ ವಾರ ವಿಜ್ಞಾನ ತರಗತಿಯಲ್ಲಿ ಸೌರಮಂಡಲದ ಚಾರ್ಟ್ ನೋಡಿ ‘ಇದು ಯಾವ ಪ್ರಮಾಣ?’ ಎಂದು ಕೇಳಿದರಂತೆ. ಆ ಚಾರ್ಟಿಗೆ ಪ್ರಮಾಣವೇ ಇಲ್ಲ ಎಂದು ವಿಜ್ಞಾನದ ಮೇಡಂ ಸ್ಟಾಫ್ ರೂಮಿನಲ್ಲಿ ನಗುತ್ತ ಹೇಳಿದರು.

ಬೇಗ ಮುಗಿಸುವವರಿಗೆ ಒಂದು ವಿಸ್ತರಣೆಯ ಲೆಕ್ಕ ಇಟ್ಟಿದ್ದೆ. ಹೊರಟು ನಿಂತ ಸ್ಪಿಟ್‌ಫೈರ್ ಸುಮಾರು 2,700 ಕೆ.ಜಿ.; ರೆಕ್ಕೆ 22.5 ಚದರ ಮೀಟರ್. ಒಂದು ಚದರ ಮೀಟರ್ ರೆಕ್ಕೆ ಹೊರುವ ಭಾರ 120 ಕೆ.ಜಿ. ತಪ್ಪಿಲ್ಲದೆ ಕುಗ್ಗಿಸಿದ ಮಾದರಿಯಾಗಿದ್ದರೆ ತೂಕ 195 ಗ್ರಾಂ, ರೆಕ್ಕೆ 390 ಚದರ ಸೆಂ.ಮೀ.; ಚದರ ಮೀಟರಿಗೆ 5 ಕೆ.ಜಿ. ಮತ್ತೆ ಅದೇ 24! ಭಾರ ಘನದಂತೆ ಬೆಳೆಯುತ್ತದೆ, ಹೊರುವ ರೆಕ್ಕೆ ವರ್ಗದಂತೆ. ಎರಡರ ನಡುವೆ ಒಂದು 24 ಉಳಿಯುತ್ತದೆ. ಕಾಗದದ ವಿಮಾನ ಮೆಲ್ಲಗೆ ಎಸೆದರೂ ತೇಲುವುದಕ್ಕೆ, ದೊಡ್ಡ ವಿಮಾನಕ್ಕೆ ಉದ್ದದ ರನ್‌ವೇ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಕೇಳದೆ ಬಿಡದ ಪ್ರಶ್ನೆ

ಬಂದೂಕಿನ ತೂತುಗಳನ್ನು ಎಣಿಸುತ್ತಿದ್ದಾಗ (ರೆಕ್ಕೆಯಲ್ಲಿ ಎಂಟಿವೆ) ಒಬ್ಬಳು ಕೇಳಿದಳು: ‘ಮಿಸ್, ಇದ್ರಲ್ಲಿ ಎಷ್ಟು ಜನ ಸತ್ರು?’ ಗಣಿತದ ಅವಧಿ ಎಂದು ತಳ್ಳಿಹಾಕಬಹುದಿತ್ತು. ಹಲಸೂರಿನ ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಇದ್ದವರ ಮೊಮ್ಮಕ್ಕಳು ಆ ತರಗತಿಯಲ್ಲೇ ಇದ್ದಾರೆ. ಯುದ್ಧ ಅವರಿಗೆ ಪುಸ್ತಕದ ವಿಷಯವಲ್ಲ. ಇದು ಕೊಲ್ಲುವುದಕ್ಕೇ ಮಾಡಿದ ಯಂತ್ರ, ಇದರ ಒಳಗೆ ಕೂತವರೂ ಸತ್ತಿದ್ದಾರೆ, ಇದರ ಎದುರಿಗೆ ಬಂದವರೂ ಸತ್ತಿದ್ದಾರೆ ಎಂದು ಹೇಳಿದೆ. ಗಾಜಿನ ಕಪಾಟಿನಲ್ಲಿ ಮಾದರಿ ಚೆಂದ ಕಾಣುವುದೂ ಅದರ ಇನ್ನೊಂದು ಸುಳ್ಳೇ. ಚರ್ಚೆ ಮೂರು ನಿಮಿಷ ನಡೆಯಿತು. ವೀಕ್ಷಣಾ ಪುಸ್ತಕದಲ್ಲಿ ‘ವಿಷಯಾಂತರ’ ಎಂದು ಬಂತು. ನನಗೆ ಹಾಗೆನಿಸುವುದಿಲ್ಲ, ಯುದ್ಧದ ವಸ್ತುವನ್ನು ತರಗತಿಗೆ ತಂದವರು ಆ ಪ್ರಶ್ನೆಗೂ ಸಿದ್ಧರಾಗಿಯೇ ಬರಬೇಕು.

ಇನ್ನೊಂದು ಆಕ್ಷೇಪ ಸಮಯದ್ದು. ಒಂದು ಪರಿಕಲ್ಪನೆಗೆ ಎರಡು ಅವಧಿ, ಮೇಲೊಂದು ಅರ್ಧ ಗಂಟೆ ಮೈದಾನ. ಪಾಠಗಳ ಸಂಖ್ಯೆ ಮುಗಿಸುವ ಒತ್ತಡ ನಮಗೆಲ್ಲ ಗೊತ್ತೇ ಇದೆ. ಆದರೆ ಈ ಎರಡು ಅವಧಿಯಲ್ಲಿ ಅನುಪಾತ, ಗ್ರಾಫ್ ವಿಧಾನ, ಸರಾಸರಿ, ಮಾನ ಪರಿವರ್ತನೆ, ಸಾಂದ್ರತೆ ಎಲ್ಲವೂ ಪುನರಾವರ್ತನೆಯಾದವು. ಚದರ ಸೆಂಟಿಮೀಟರನ್ನು ಚದರ ಮೀಟರಿಗೆ ತಿರುಗಿಸುವಾಗ 100ರ ಬದಲು 10,000ದಿಂದ ಏಕೆ ಭಾಗಿಸಬೇಕು ಎಂಬುದೂ 576ರ ಕತೆಯೇ ಎಂದು ಕೆಲವರು ತಾವಾಗಿ ಕಂಡುಕೊಂಡರು. ತೊಡಕು ಉಳಿದದ್ದು ಹಿಮ್ಮುಖ ಲೆಕ್ಕದಲ್ಲಿ. ನಿಜದಿಂದ ಮಾದರಿಗೆ ಬರುವಾಗ ವಿಸ್ತೀರ್ಣವನ್ನು ಒಂದೇ ಸಲ ಭಾಗಿಸಿ ನಿಲ್ಲಿಸುವವರು ಇನ್ನೂ ಇದ್ದಾರೆ. ಕೋಲಿನಂಥ ರೆಕ್ಕೆಯಂಥದ್ದೇ ಒಂದು ಅಸಂಬದ್ಧವನ್ನು ಭಾಗಾಕಾರದ ಕಡೆಯಿಂದಲೂ ಹುಟ್ಟಿಸಬೇಕು.

ಮಾದರಿಯ ಬೆಲೆಯ ಬಗ್ಗೆ ಸಹಪಾಠಿಗಳು ಕೇಳುತ್ತಾರೆ. 1:24 ಕಿಟ್ಟು ದುಬಾರಿ, ಅದನ್ನು ಕೊಳ್ಳಿ ಎಂದು ಹೇಳುವುದಿಲ್ಲ. ಪ್ರಮಾಣ ಬರೆದಿರುವ ಯಾವ ಮಾದರಿಯಾದರೂ ಆದೀತು. ಆಟಿಕೆ ಕಾರಿನ ತಳದಲ್ಲಿ ಕೆಲವೊಮ್ಮೆ 1:32, 1:43 ಎಂದು ಅಚ್ಚಾಗಿರುತ್ತದೆ. ಆದರೆ ದೊಡ್ಡ ಪ್ರಮಾಣದ ಮಾದರಿಗೆ ಒಂದು ಅನುಕೂಲವಿದೆ: ತಗಡಿನ ದಪ್ಪ, ಪೈಲಟ್ಟಿನ ತೂಕ, ಇವೆಲ್ಲ ಶಾಲೆಯ ಉಪಕರಣದಲ್ಲಿ ಅಳೆಯುವಷ್ಟು ದೊಡ್ಡವಿರುತ್ತವೆ. 1:72ರಲ್ಲಿ ಅದೇ ಪೈಲಟ್ ಗ್ರಾಮಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ತೂಗುತ್ತಾನೆ, ಶಾಲೆಯ ತಕ್ಕಡಿಗೆ ಅವನು ಸುಲಭಕ್ಕೆ ಸಿಗುವುದಿಲ್ಲ.

ಮನೆಗೆಲಸಕ್ಕೆ ಎರಡು ಲೆಕ್ಕ ಕೊಟ್ಟೆ. 1942ರಲ್ಲಿ ಬೆಂಗಳೂರಿನಲ್ಲಿ ಜೋಡಿಸಿದ ಕರ್ಟಿಸ್ ಹಾಕ್‌ನ ರೆಕ್ಕೆ ತುದಿಯಿಂದ ತುದಿಗೆ 11.38 ಮೀಟರ್, 1:24ರಲ್ಲಿ ಎಷ್ಟು? ಎರಡನೆಯದು ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಹೊರಗೆ ನಿಂತಿರುವ ಎಚ್‌ಎಫ್-24 ಮಾರುತ್ ವಿಮಾನದ ಬಗ್ಗೆ. ಅದನ್ನು ಇಲ್ಲಿ ವಿನ್ಯಾಸ ಮಾಡಿದವರು ಕುರ್ಟ್ ಟ್ಯಾಂಕ್. ಯುದ್ಧಕಾಲದಲ್ಲಿ ಸ್ಪಿಟ್‌ಫೈರ್‌ಗೆ ಎದುರಾಗಿ ಹಾರಿದ ಜರ್ಮನಿಯ ಫೋಕೆ-ವುಲ್ಫ್ 190 ಕೂಡ ಅವರದ್ದೇ. 1961ರ ಜೂನ್ 17ರಂದು ಅದನ್ನು ಮೊದಲ ಬಾರಿ ಹಾರಿಸಿದವರು ಸುರಂಜನ್ ದಾಸ್. ಮಕ್ಕಳಲ್ಲಿ ಹಲವರು ದಿನವೂ ಓಡಾಡುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. 1970ರಲ್ಲಿ ಮಾರುತ್ ಪರೀಕ್ಷೆಯ ವೇಳೆಯಲ್ಲೇ ಅವರು ಅಪಘಾತದಲ್ಲಿ ತೀರಿಕೊಂಡರು. ರಸ್ತೆಯ ಹೆಸರು ಮನುಷ್ಯನದ್ದು ಎಂದು ಗೊತ್ತಾದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ಮಾರುತ್‌ನ ಉದ್ದ 15.87 ಮೀಟರ್ ಎಂದು ನಾನು ಹೇಳಿಲ್ಲ. ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದು, ತಮ್ಮ ಹೆಜ್ಜೆಯ ಉದ್ದವನ್ನೂ ಅಳೆದು ತರಬೇಕು. ಬೇಲಿ ದಾಟಬಾರದು. ನಾಲ್ವರು ಈಗಾಗಲೇ ಹೋಗಿ ಬಂದಿದ್ದಾರೆ, ನಾಲ್ಕು ಬೇರೆ ಬೇರೆ ಉತ್ತರ ತಂದಿದ್ದಾರೆ. ನನ್ನ ಅವಧಿ ಮುಗಿದಿರುವುದರಿಂದ ಆ ಹಾಳೆಗಳನ್ನು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗೆ ಕೊಟ್ಟು ಬಂದಿದ್ದೇನೆ.